ಪಟ್ಟಿಗೆ ಹೊಸ ಹೆಸರು ಸೇರಿದರೆ ಹಳೆಯ ದಾಖಲೆ ಅಳಿಸಿಹೋಗುತ್ತದೆಯೇ?

"ಜಿಲ್ಲೆಯ ಹೆಸರು ಬದಲಾಯಿತು, ಇನ್ನು ಹಳೆಯ ದಾಖಲೆಗಳೆಲ್ಲ ರದ್ದು." "ಆ್ಯಪ್ ಅಪ್‌ಡೇಟ್ ಮಾಡಿದರೆ ಹಳೆಯ ಲೆಕ್ಕವೆಲ್ಲ ಹೋಗುತ್ತದೆ, ಯಾರೂ ಮಾಡಬೇಡಿ." ಇಂಥ ಮಾತು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವುದುಂಟು. ಅದಕ್ಕೆ ಎದುರಾಗಿ ಇನ್ನೊಬ್ಬರು ಬರೆಯುತ್ತಾರೆ: "ಕಂಪ್ಯೂಟರಿನ ಪಟ್ಟಿಗೆ ಒಂದು ಹೆಸರು ಸೇರಿಸುವುದೇನು ಮಹಾ, ಎರಡು ನಿಮಿಷದ ಕೆಲಸ. ಕಂಪ್ಯೂಟರ್ ತಪ್ಪು ಮಾಡುವುದಿಲ್ಲ."

ಎರಡೂ ಅರ್ಧ ನಿಜ. ಪಟ್ಟಿಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಹಳೆಯ ದಾಖಲೆ ಅಳಿಯುವುದಿಲ್ಲ. ಆದರೆ ಪಟ್ಟಿಯನ್ನು ಅಜಾಗರೂಕತೆಯಿಂದ ಬದಲಿಸಿದರೆ ದಾಖಲೆ ಇದ್ದಲ್ಲಿಯೇ ಇದ್ದು ಅದರ ಅರ್ಥ ಬದಲಾಗಬಹುದು. ಅಳಿಸಿಹೋದದ್ದು ಕೂಡಲೇ ಗೊತ್ತಾಗುತ್ತದೆ. ಅರ್ಥ ಬದಲಾದದ್ದು ಗೊತ್ತಾಗುವುದಿಲ್ಲ. ಇದು ಹೇಗೆ ಎಂಬುದನ್ನು ಅಡಿಕೆ ಲೆಕ್ಕದ ಉದಾಹರಣೆಯಿಂದಲೇ ನೋಡೋಣ.

ಆಯ್ಕೆಯ ಕಾಲಂ ಎಂದರೆ ಏನು?

ಶಿರಸಿ ತಾಲೂಕಿನ ಭೈರುಂಬೆ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಅಡಿಕೆ ಎಂದರೆ ಒಂದೇ ವಸ್ತುವಲ್ಲ. ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಸುಲಿದರೆ ಚಾಲಿ. ಮಾರುಕಟ್ಟೆಯ ದರಪಟ್ಟಿಯಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು, ತಟ್ಟಿಬೆಟ್ಟೆ, ಕೋಕಾ ಎಂದು ಬೇರೆ ಬೇರೆ ಸಾಲುಗಳಿರುತ್ತವೆ. ಪ್ರತಿಯೊಂದರ ದರ ಬೇರೆ. ಹೆಸರು ತಪ್ಪಿದರೆ ಹಣ ತಪ್ಪುತ್ತದೆ.

ಈಗ ಭೈರುಂಬೆಯಂಥ ಊರಿನಲ್ಲಿ ಒಂದು ಸಹಕಾರ ಸಂಘ ತನ್ನ ಅಡಿಕೆ ವ್ಯವಹಾರವನ್ನು ಕಂಪ್ಯೂಟರಿಗೆ ಹಾಕಿದೆ ಎಂದು ಭಾವಿಸಿ. ಇದು ವಿವರಣೆಗಾಗಿ ನಾವು ಕಲ್ಪಿಸಿಕೊಂಡ ಸಂಘ. ಪ್ರತಿ ವ್ಯವಹಾರಕ್ಕೂ ಒಂದು ಸಾಲು: ತಾರೀಕು, ಸದಸ್ಯರ ಸಂಖ್ಯೆ, ತೂಕ, ದರ, ಅಡಿಕೆಯ ಬಗೆ. ಇದರಲ್ಲಿ ತೂಕ ಎಷ್ಟಾದರೂ ಇರಬಹುದು. ಆದರೆ 'ಬಗೆ' ಎಂಬ ಕಾಲಂನಲ್ಲಿ ಮನಸ್ಸಿಗೆ ಬಂದದ್ದು ಬರೆಯಲು ಬಿಟ್ಟರೆ ಒಬ್ಬರು 'ಚಾಲಿ' ಎನ್ನುತ್ತಾರೆ, ಇನ್ನೊಬ್ಬರು 'ಚಾಲಿ ಅಡಿಕೆ' ಎನ್ನುತ್ತಾರೆ, ಮತ್ತೊಬ್ಬರು 'ಛಾಲಿ' ಎಂದು ಟೈಪ್ ಮಾಡುತ್ತಾರೆ. ವರ್ಷದ ಕೊನೆಗೆ ಒಟ್ಟು ಚಾಲಿ ಎಷ್ಟು ಎಂದು ಕೇಳಿದರೆ ಲೆಕ್ಕ ಕೂಡುವುದಿಲ್ಲ.

ಅದಕ್ಕೇ ಮೊದಲೇ ಒಂದು ಪಟ್ಟಿ ಗೊತ್ತು ಮಾಡಿ, ಅದರಲ್ಲಿ ಒಂದನ್ನು ಮಾತ್ರ ಆರಿಸಬೇಕು ಎಂದು ಕಟ್ಟು ಹಾಕುತ್ತಾರೆ. ಸಾಫ್ಟ್‌ವೇರ್ ಬರೆಯುವವರು ಇದನ್ನು 'ಈನಮ್' ಎನ್ನುತ್ತಾರೆ. ನಾವು ಇಲ್ಲಿ 'ಆಯ್ಕೆಯ ಕಾಲಂ' ಎನ್ನೋಣ. ನಿಮ್ಮ ಫೋನಿನಲ್ಲಿ ಜಿಲ್ಲೆ, ಲಿಂಗ, ಬೆಳೆ ಎಂದು ಒತ್ತಿದಾಗ ಕೆಳಗೆ ಇಳಿಯುವ ಪಟ್ಟಿಗಳ ಹಿಂದೆ ಸಾಮಾನ್ಯವಾಗಿ ಇಂಥದೊಂದು ಕಟ್ಟು ಇರುತ್ತದೆ.

ಕಂಪ್ಯೂಟರ್ ಹೆಸರನ್ನು ಬರೆದಿಡುವುದಿಲ್ಲ

ಲಕ್ಷ ಸಾಲುಗಳಲ್ಲಿ ಲಕ್ಷ ಸಲ 'ಕೆಂಪುಗೋಟು' ಎಂದು ಬರೆದಿಟ್ಟರೆ ಜಾಗ ವ್ಯರ್ಥ. ಆದ್ದರಿಂದ ಒಳಗೆ ಹೆಚ್ಚಾಗಿ ಒಂದು ಸಂಖ್ಯೆ ಮಾತ್ರ ಇರುತ್ತದೆ. ಹೆಸರು ಬೇರೆ ಕಡೆ ಒಂದೇ ಸಲ ಇರುತ್ತದೆ. ಮೈಎಸ್‌ಕ್ಯೂಎಲ್ ಎಂಬ ಬಹುಬಳಕೆಯ ಡೇಟಾಬೇಸ್‌ನಲ್ಲಿ 255 ಆಯ್ಕೆಗಳವರೆಗೆ ಒಂದು ಬೈಟ್ ಸಾಕು, ಅದಕ್ಕಿಂತ ಹೆಚ್ಚಾದರೆ ಎರಡು ಬೈಟ್. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದರಲ್ಲಿ ನಾಲ್ಕು ಬೈಟ್.

ನಮ್ಮ ಸಂಘದ ಪಟ್ಟಿ ಹೀಗಿದೆ ಎನ್ನೋಣ: 1 ರಾಶಿ, 2 ಬೆಟ್ಟೆ, 3 ಚಾಲಿ, 4 ಕೆಂಪುಗೋಟು, 5 ಬಿಳಿಗೋಟು. ನೀವು ಚಾಲಿ ಕೊಟ್ಟಾಗ ಆ ಸಾಲಿನಲ್ಲಿ ಬೀಳುವುದು 3. ತೆರೆಯ ಮೇಲೆ ತೋರಿಸುವಾಗ ಮಾತ್ರ 3 ಎಂದರೆ ಏನು ಎಂದು ಪಟ್ಟಿ ನೋಡಿ 'ಚಾಲಿ' ಎಂದು ಬರೆಯುತ್ತದೆ.

ಇಷ್ಟು ತಿಳಿದರೆ ಮೊದಲ ಸಂದೇಶಕ್ಕೆ ಉತ್ತರ ಸಿಕ್ಕಿತು. ಪಟ್ಟಿಯಲ್ಲಿ 'ಬಿಳಿಗೋಟು' ಎಂಬುದನ್ನು 'ಬಿಳೇಗೋಟು' ಎಂದು ತಿದ್ದಿದರೆ ನಿಮ್ಮ ಹಳೆಯ ಸಾಲುಗಳಿಗೆ ಏನೂ ಆಗುವುದಿಲ್ಲ. ಅಲ್ಲಿರುವುದು 5. ಅದು 5 ಆಗಿಯೇ ಉಳಿಯುತ್ತದೆ.

ನಡುವೆ ಸೇರಿಸಿದರೆ ಏನಾಗುತ್ತದೆ?

ಈಗ ಸಂಘದವರು ತಟ್ಟಿಬೆಟ್ಟೆಯನ್ನೂ ಪಟ್ಟಿಗೆ ಸೇರಿಸಲು ಹೇಳುತ್ತಾರೆ. ಸಾಫ್ಟ್‌ವೇರ್ ಬರೆಯುವವರಿಗೆ ಅದು ಬೆಟ್ಟೆಯ ಪಕ್ಕದಲ್ಲಿದ್ದರೆ ಚಂದ ಎನ್ನಿಸುತ್ತದೆ. ಎರಡನೆಯದರ ಕೆಳಗೆ ಸೇರಿಸುತ್ತಾರೆ. ಈಗ ಪಟ್ಟಿ: 1 ರಾಶಿ, 2 ಬೆಟ್ಟೆ, 3 ತಟ್ಟಿಬೆಟ್ಟೆ, 4 ಚಾಲಿ, 5 ಕೆಂಪುಗೋಟು, 6 ಬಿಳಿಗೋಟು.

ಹಳೆಯ ಸಾಲುಗಳನ್ನು ಯಾರೂ ಮುಟ್ಟಿಲ್ಲ. ಆದರೆ ನೀವು ಹೋದ ವರ್ಷ ಕೊಟ್ಟ ಚಾಲಿ, ಅಂದರೆ 3, ಇಂದು ತಟ್ಟಿಬೆಟ್ಟೆ ಎಂದು ಕಾಣುತ್ತದೆ. ಪಕ್ಕದ ಮನೆಯವರ ಕೆಂಪುಗೋಟು, ಅಂದರೆ 4, ಚಾಲಿಯಾಗಿದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ತೂಕ ಸರಿ ಇದೆ, ಮೊತ್ತ ಸರಿ ಇದೆ, ಬಗೆ ಮಾತ್ರ ಬೇರೆ.

ಇದಕ್ಕಿಂತ ಕೆಟ್ಟದ್ದು ಮರುದಿನದಿಂದ ಶುರುವಾಗುತ್ತದೆ. ಹೊಸದಾಗಿ ಬರುವ ಚಾಲಿ ಸರಿಯಾಗಿಯೇ 4 ಎಂದು ದಾಖಲಾಗುತ್ತದೆ. ವಾರ ಕಳೆಯುವಷ್ಟರಲ್ಲಿ 4 ಎಂಬುದಕ್ಕೆ ಎರಡು ಅರ್ಥ: ಹಳೆಯದಾದರೆ ಕೆಂಪುಗೋಟು, ಹೊಸದಾದರೆ ಚಾಲಿ. ಯಾವ ಸಾಲು ಯಾವ ಕಾಲದ್ದು ಎಂಬುದಕ್ಕೆ ತಾರೀಕು, ಗಂಟೆ ಸರಿಯಾಗಿ ಇದ್ದರೆ ಬಿಡಿಸಬಹುದು. ಇಲ್ಲದಿದ್ದರೆ ಕಾಗದದ ರಸೀದಿಗಳನ್ನು ಒಂದೊಂದೇ ತಾಳೆ ನೋಡುವುದೊಂದೇ ದಾರಿ.

ಒಂದು ಸ್ಪಷ್ಟನೆ ಇಲ್ಲಿ ಬೇಕು. ಈ ತಪ್ಪು ಹೆಚ್ಚಾಗಿ ಆಗುವುದು ಡೇಟಾಬೇಸ್‌ನೊಳಗೆ ಅಲ್ಲ, ಅದರ ಮೇಲೆ ಕೂತಿರುವ ಆ್ಯಪ್‌ನ ಪ್ರೋಗ್ರಾಮಿನಲ್ಲಿ. ಡೇಟಾಬೇಸ್‌ನ ಸ್ವಂತ ಆಯ್ಕೆಯ ಕಾಲಂಗೆ ನಡುವೆ ಒಂದು ಹೆಸರು ಸೇರಿಸಿದರೆ ಮೈಎಸ್‌ಕ್ಯೂಎಲ್ ಇಡೀ ಕೋಷ್ಟಕವನ್ನು ಹೊಸದಾಗಿ ಬರೆದು ಹೆಸರಿಗೆ ಹೆಸರು ಹೊಂದಿಸುತ್ತದೆ. ಪೋಸ್ಟ್‌ಗ್ರೆಸ್ ಪಟ್ಟಿಯಲ್ಲಿನ ಸ್ಥಾನವನ್ನು ನಂಬುವುದೇ ಇಲ್ಲ, ಪ್ರತಿ ಹೆಸರಿಗೂ ಬೇರೆಯದೇ ಗುರುತಿನ ಸಂಖ್ಯೆ ಕೊಡುತ್ತದೆ. ಆದರೆ ಎಷ್ಟೋ ಪ್ರೋಗ್ರಾಮುಗಳು ಡೇಟಾಬೇಸ್‌ನಲ್ಲಿ ಬರಿಯ ಅಂಕಿ ಇಟ್ಟು, ಅರ್ಥವನ್ನು ತಮ್ಮ ಪಟ್ಟಿಯ ಕ್ರಮಕ್ಕೆ ಬಿಡುತ್ತವೆ. ಅಂಥ ಕಡೆ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದರೂ ಸಾಕು, ಎಲ್ಲರ ಅಡಿಕೆಯೂ ಬೇರೆಯಾಗುತ್ತದೆ.

ಬದಲಾವಣೆಗಳು ನಾಲ್ಕು ಬಗೆ

ಪಟ್ಟಿ ಬದಲಾಯಿತು ಎಂದು ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ಒಳಗೆ ನಾಲ್ಕು ಬೇರೆ ಕೆಲಸಗಳಿವೆ, ನಾಲ್ಕರ ಅಪಾಯವೂ ಬೇರೆ.

ಮೊದಲನೆಯದು, ಹೊಸದನ್ನು ಸೇರಿಸುವುದು. ಕೊನೆಯಲ್ಲಿ ಸೇರಿಸಿದರೆ ಇದು ಎಲ್ಲಕ್ಕಿಂತ ಸುಲಭ. ಹಳೆಯ ಸಾಲುಗಳನ್ನು ಮುಟ್ಟುವ ಅಗತ್ಯವೇ ಇಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಇರುವ ಪಟ್ಟಿಗೆ ಹೊಸ ಹೆಸರು ಸೇರಿಸುವ ನೇರ ಸೌಲಭ್ಯ ಬಂದದ್ದೇ 2011ರಲ್ಲಿ. ಸೇರಿಸಲು ಅವಕಾಶವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಲಿಂಗದ ಕಾಲಂ ನೋಡಿ. ಗಂಡು, ಹೆಣ್ಣು ಎಂಬ ಎರಡೇ ಆಯ್ಕೆ ಇದ್ದ ಅರ್ಜಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರು ಸುಳ್ಳು ಬರೆಯಬೇಕಿತ್ತು, ಇಲ್ಲವೇ ಅರ್ಜಿ ಬಿಡಬೇಕಿತ್ತು. 2011ರ ಜನಗಣತಿಯಲ್ಲಿ 'ಇತರೆ' ಎಂಬ ಮೂರನೆಯ ಆಯ್ಕೆ ಬಂತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ತೃತೀಯ ಲಿಂಗವನ್ನು ಕಾನೂನಿನಲ್ಲಿ ಮಾನ್ಯ ಮಾಡಿತು. 2021ರಲ್ಲಿ ಕರ್ನಾಟಕ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಉದ್ಯೋಗದಲ್ಲಿ ಶೇಕಡಾ 1ರ ಮೀಸಲಾತಿ ಕೊಟ್ಟಿತು. ಅರ್ಜಿಯಲ್ಲಿ ಆ ಆಯ್ಕೆಯೇ ಇಲ್ಲದಿದ್ದರೆ ಆ ಹಕ್ಕನ್ನು ಕೇಳುವುದು ಹೇಗೆ? ಪಟ್ಟಿಯಲ್ಲಿ ಒಂದು ಸಾಲು ಎಂದರೆ ಅಷ್ಟು ದೊಡ್ಡ ವಿಷಯ.

ಎರಡನೆಯದು, ಹೆಸರು ಬದಲಿಸುವುದು. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಬ್ಯಾಂಗಲೋರ್ ಬೆಂಗಳೂರಾಯಿತು, ಹುಬ್ಲಿ ಹುಬ್ಬಳ್ಳಿಯಾಯಿತು, ಬೆಲ್ಗಾಮ್ ಬೆಳಗಾವಿಯಾಯಿತು. ಊರು ಅದೇ, ಬೋರ್ಡು ಬೇರೆ. ಒಳಗೆ ಸಂಖ್ಯೆ ಇಟ್ಟುಕೊಂಡ ಕಡೆ ಇದು ಒಂದೇ ಜಾಗದಲ್ಲಿ ಆಗುವ ತಿದ್ದುಪಡಿ. ಪ್ರತಿ ಸಾಲಿನಲ್ಲೂ ಹೆಸರನ್ನೇ ಬರೆದಿಟ್ಟ ಕಡೆ ಎಲ್ಲ ಸಾಲುಗಳನ್ನೂ ತಿದ್ದಬೇಕು, ತಪ್ಪಿದ್ದು ಹಳೆಯ ಹೆಸರಲ್ಲೇ ಉಳಿಯುತ್ತದೆ. ಈ ಕಾರಣಕ್ಕೇ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ಡೈರೆಕ್ಟರಿಯಲ್ಲಿ ರಾಜ್ಯ, ಜಿಲ್ಲೆ, ತಾಲೂಕು, ಗ್ರಾಮಗಳಿಗೆ ಒಂದೊಂದು ಸಂಕೇತ ಸಂಖ್ಯೆ ಕೊಟ್ಟಿದ್ದಾರೆ. ಹೆಸರಿನ ಕಾಗುಣಿತ ಹೇಗಿದ್ದರೂ ಬೇರೆ ಬೇರೆ ಇಲಾಖೆಗಳ ಕಂಪ್ಯೂಟರುಗಳು ಆ ಸಂಖ್ಯೆಯಿಂದ ಊರನ್ನು ಗುರುತಿಸಬಹುದು.

ಮೂರನೆಯದು, ತೆಗೆದುಹಾಕುವುದು. ಇದು ಕಷ್ಟ. ಪಟ್ಟಿಯಿಂದ ಕೋಕಾ ತೆಗೆಯಬೇಕು ಎಂದರೆ, ಈಗಾಗಲೇ ಕೋಕಾ ಎಂದು ಬರೆದ ಸಾಲುಗಳನ್ನು ಏನು ಮಾಡುವುದು? ಪೋಸ್ಟ್‌ಗ್ರೆಸ್‌ನಲ್ಲಿ ಪಟ್ಟಿಯಿಂದ ಒಂದು ಹೆಸರನ್ನು ತೆಗೆಯುವ ನೇರ ಆಜ್ಞೆಯೇ ಇಲ್ಲ. ಹೊಸ ಪಟ್ಟಿ ಮಾಡಿ, ಇಡೀ ಕಾಲಂ ಅನ್ನು ಅದಕ್ಕೆ ವರ್ಗಾಯಿಸಿ, ಹಳೆಯ ಪಟ್ಟಿಯನ್ನು ಕಿತ್ತು ಹಾಕಬೇಕು. ಹಾಗೆ ವರ್ಗಾಯಿಸುವಷ್ಟು ಹೊತ್ತು ಆ ಕೋಷ್ಟಕವನ್ನು ಬೇರೆ ಯಾರೂ ಓದುವಂತಿಲ್ಲ, ಬರೆಯುವಂತಿಲ್ಲ. ಕೌಂಟರಿನಲ್ಲಿ "ಸರ್ವರ್ ಡೌನ್" ಎಂದು ಕೇಳುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು. ಮೈಎಸ್‌ಕ್ಯೂಎಲ್‌ನ ಕಟ್ಟುನಿಟ್ಟು ಕ್ರಮ ಜಾರಿಯಲ್ಲಿದ್ದರೆ ಬಳಕೆಯಲ್ಲಿರುವ ಹೆಸರನ್ನು ತೆಗೆಯಲು ಹೋದಾಗ ಅದು ತಡೆಯುತ್ತದೆ. ಆ ಕ್ರಮ ಜಾರಿಯಲ್ಲಿಲ್ಲದಿದ್ದರೆ ಆ ಜಾಗದಲ್ಲಿ ಖಾಲಿ ಬಿಟ್ಟು ಮುಂದೆ ಹೋಗುತ್ತದೆ.

ಹಾಗಾಗಿ ತಿಳಿದವರು ತೆಗೆಯುವುದಿಲ್ಲ, ಮುಚ್ಚುತ್ತಾರೆ. ಹಳೆಯದು ಪಟ್ಟಿಯಲ್ಲಿ ಇರುತ್ತದೆ, ಹೊಸ ಅರ್ಜಿಯಲ್ಲಿ ಮಾತ್ರ ಕಾಣುವುದಿಲ್ಲ. ವಾಹನದ ನಂಬರ್ ಪ್ಲೇಟಿನಲ್ಲಿ ಇದನ್ನು ನೀವು ನೋಡಿರುತ್ತೀರಿ. ತೆಲಂಗಾಣ 2024ರ ಮಾರ್ಚಿನಿಂದ ಹೊಸ ವಾಹನಗಳಿಗೆ 'ಟಿಎಸ್' ಬದಲು 'ಟಿಜಿ' ಕೊಡಲು ಆರಂಭಿಸಿತು. ಹಳೆಯ 'ಟಿಎಸ್' ಗಾಡಿಗಳು ಅದೇ ಪ್ಲೇಟಿನಲ್ಲಿ ಓಡುತ್ತಿವೆ.

ನಾಲ್ಕನೆಯದು, ಒಂದನ್ನು ಎರಡಾಗಿ ಒಡೆಯುವುದು. ಇದು ಎಲ್ಲಕ್ಕಿಂತ ಕಷ್ಟ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಗಿ ರಾಜ್ಯದ ಜಿಲ್ಲೆಗಳು 31 ಆದವು. ಹಳೆಯ ಸಾಲಿನಲ್ಲಿ 'ಬಳ್ಳಾರಿ' ಎಂದಷ್ಟೇ ಇದ್ದರೆ ಆ ಮನುಷ್ಯ ಯಾವ ಕಡೆಗೆ? ಕಂಪ್ಯೂಟರಿಗೆ ಗೊತ್ತಿಲ್ಲ. ತಾಲೂಕಿನ ಕಾಲಂ ಬೇರೆ ಇದ್ದರೆ ಮಾತ್ರ ಹೊಸಪೇಟೆಯವರು ವಿಜಯನಗರಕ್ಕೆ, ಸಂಡೂರಿನವರು ಬಳ್ಳಾರಿಗೆ ಎಂದು ಬಿಡಿಸಬಹುದು. ಹರಪನಹಳ್ಳಿಯ ಕತೆ ಇನ್ನೂ ಉದ್ದ. ಬಳ್ಳಾರಿಯಲ್ಲಿದ್ದ ಆ ತಾಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, ಈಗ ವಿಜಯನಗರದಲ್ಲಿದೆ.

ಘಟ್ಟದ ಮೇಲಿನ ತಾಲೂಕುಗಳನ್ನು ಸೇರಿಸಿ ಶಿರಸಿ ಜಿಲ್ಲೆ ಮಾಡಬೇಕು ಎಂಬ ಬೇಡಿಕೆ ನಮ್ಮ ಕಡೆ ಹಳೆಯದು. ಅದು ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಆದರೆ "ಜಿಲ್ಲೆ ಬೇರೆಯಾದರೆ ಪಹಣಿ, ಆಧಾರ್ ಎಲ್ಲ ರದ್ದಾಗುತ್ತದೆ" ಎಂದು ಯಾರಾದರೂ ಹೆದರಿಸಿದರೆ ಒಪ್ಪಬೇಡಿ. ಆಧಾರ್ ಸಂಖ್ಯೆಗೂ ಜಿಲ್ಲೆಗೂ ಸಂಬಂಧವಿಲ್ಲ, ವಿಳಾಸ ಮಾತ್ರ ತಿದ್ದುವ ವಿಷಯ. ಸರ್ವೆ ನಂಬರ್ ಇರುವುದು ಗ್ರಾಮದ ಲೆಕ್ಕದಲ್ಲಿ. ಶಿರಸಿಯ ವಾಹನಗಳ 'ಕೆಎ 31' ಈಗಲೂ ಜಿಲ್ಲೆಯ ಸಂಖ್ಯೆಯಲ್ಲ, ಆರ್‌ಟಿಒ ಕಚೇರಿಯ ಸಂಖ್ಯೆ. ಅದೇ ಜಿಲ್ಲೆಯ ಕಾರವಾರದ್ದು 'ಕೆಎ 30'.

ಸರಿಯಾಗಿ ಬದಲಿಸುವ ಕ್ರಮ

ಕಂಪ್ಯೂಟರಿನ ಕೋಷ್ಟಕದ ರಚನೆಯನ್ನೇ ಬದಲಿಸುವ ಕೆಲಸಕ್ಕೆ 'ಮೈಗ್ರೇಷನ್' ಎನ್ನುತ್ತಾರೆ. ಹಳೆಯ ಮನೆಯಲ್ಲಿ ವಾಸವಿದ್ದುಕೊಂಡೇ ಹೊಸ ಮನೆ ಕಟ್ಟಿ ಸಾಮಾನು ಸಾಗಿಸಿದ ಹಾಗೆ ಇದನ್ನು ಮಾಡಬೇಕು.

ಮೊದಲು ಹಳೆಯ ಕಾಲಂ ಪಕ್ಕದಲ್ಲಿ ಹೊಸದೊಂದು ಕಾಲಂ ಸೇರಿಸುತ್ತಾರೆ. ಆಮೇಲೆ ಹೊಸ ವ್ಯವಹಾರಗಳನ್ನು ಎರಡರಲ್ಲೂ ಬರೆಯುವಂತೆ ಮಾಡುತ್ತಾರೆ. ಹಳೆಯ ಸಾಲುಗಳನ್ನು ಸ್ವಲ್ಪ ಸ್ವಲ್ಪವಾಗಿ ಹೊಸ ಕಾಲಂಗೆ ತುಂಬುತ್ತಾರೆ. ಒಂದೇ ಸಲ ಲಕ್ಷ ಸಾಲು ಹಿಡಿದರೆ ಕೌಂಟರಿನ ಕೆಲಸ ನಿಲ್ಲುತ್ತದೆ. ತುಂಬಿದ ಮೇಲೆ ಪ್ರತಿ ಬಗೆಯ ಒಟ್ಟು ಸಾಲು, ಒಟ್ಟು ತೂಕ ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ ಎಂದು ತಾಳೆ ನೋಡುತ್ತಾರೆ. ಚಾಲಿಯ ಒಟ್ಟು ತೂಕದಲ್ಲಿ ಒಂದು ಕಿಲೋ ವ್ಯತ್ಯಾಸ ಬಂದರೂ ಅಲ್ಲೇ ನಿಲ್ಲಿಸಬೇಕು. ಎಲ್ಲ ಸರಿಯಾದರೆ ಓದುವುದನ್ನು ಹೊಸ ಕಾಲಂಗೆ ಬದಲಿಸುತ್ತಾರೆ. ಹಳೆಯದನ್ನು ಕೆಲವು ದಿನ ಹಾಗೇ ಇಟ್ಟು, ಕೊನೆಗೆ ತೆಗೆಯುತ್ತಾರೆ.

ಪಟ್ಟಿ ಆಗಾಗ ಬದಲಾಗುತ್ತದೆ ಎಂದು ಗೊತ್ತಿದ್ದರೆ ಆಯ್ಕೆಯ ಕಾಲಂ ಬದಲು ಬಗೆಗಳಿಗೇ ಒಂದು ಪ್ರತ್ಯೇಕ ಕೋಷ್ಟಕ ಮಾಡುವುದು ಲೇಸು. ಅದರಲ್ಲಿ ಸಂಖ್ಯೆ, ಹೆಸರು, ಯಾವಾಗಿನಿಂದ ಜಾರಿ, ಯಾವಾಗ ಮುಚ್ಚಿದ್ದು ಎಲ್ಲ ಬರೆಯಬಹುದು. ಹೊಸ ಬಗೆ ಬಂದರೆ ಒಂದು ಸಾಲು ಸೇರಿಸಿದರೆ ಆಯಿತು, ರಚನೆ ಬದಲಿಸಬೇಕಿಲ್ಲ. ವಾರದ ದಿನಗಳಂತೆ ಎಂದೂ ಬದಲಾಗದ ಪಟ್ಟಿಗೆ ಆಯ್ಕೆಯ ಕಾಲಂ ಸಾಕು. ಬೆಳೆ, ಜಿಲ್ಲೆ, ಅಡಿಕೆಯ ಬಗೆಗಳಂಥ ಬೆಳೆಯುವ ಪಟ್ಟಿಗೆ ಪ್ರತ್ಯೇಕ ಕೋಷ್ಟಕವೇ ಸರಿ. 2019ರಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಿಕೆಗೆ 'ಶಿರಸಿ ಸುಪಾರಿ' ಎಂದು ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಇಂಥದ್ದನ್ನು ಕೆಲವು ವರ್ಷ ಮೊದಲು ಪಟ್ಟಿ ಮಾಡಿದವರು ಊಹಿಸಿರಲು ಸಾಧ್ಯವಿಲ್ಲ. ಜೊತೆಗೆ ಜಿಐ ಎಂಬುದು ರಾಶಿ, ಚಾಲಿಗಳಂತೆ ಇನ್ನೊಂದು ಬಗೆಯಲ್ಲ. ಅದಕ್ಕೆ ಬೇರೆಯದೇ ಕಾಲಂ ಬೇಕು.

ಅಪ್‌ಡೇಟ್ ಮಾಡಬೇಕೇ, ಬೇಡವೇ?

ಮಾಡಬೇಕು. ಪಟ್ಟಿ ಸರ್ವರಿನಲ್ಲಿ ಬದಲಾದ ದಿನವೇ ಎಲ್ಲರ ಫೋನಿನಲ್ಲೂ ಬದಲಾಗುವುದಿಲ್ಲ. ನಿಮ್ಮ ಹಳೆಯ ಆ್ಯಪ್‌ಗೆ 6 ಎಂಬ ಸಂಖ್ಯೆ ಬಂದರೆ ಅದರ ಬಳಿ ಇರುವ ಪಟ್ಟಿ 5ಕ್ಕೇ ಮುಗಿದಿರುತ್ತದೆ. ಆಗ ಆ್ಯಪ್ ನಿಂತುಹೋಗಬಹುದು, ಖಾಲಿ ತೋರಿಸಬಹುದು, ಇಲ್ಲವೇ 'ಇತರೆ' ಎನ್ನಬಹುದು. ದಾಖಲೆ ಸರಿಯಾಗಿಯೇ ಇರುತ್ತದೆ, ಓದಲು ನಿಮ್ಮ ಫೋನಿಗೆ ಬರುವುದಿಲ್ಲ ಅಷ್ಟೇ. ಆದ್ದರಿಂದ 'ಅಪ್‌ಡೇಟ್ ಮಾಡಬೇಡಿ' ಎಂಬ ಫಾರ್ವರ್ಡ್ ತೊಂದರೆಯನ್ನು ಹೆಚ್ಚಿಸುತ್ತದೆ. ಆದರೆ ಅಪ್‌ಡೇಟ್ ಅನ್ನು ಪ್ಲೇ ಸ್ಟೋರ್‌ನಿಂದಲೇ ಮಾಡಿ. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಅಥವಾ ಫೈಲ್ ಒತ್ತಿ ಮಾಡಬೇಡಿ.

ನಿಮ್ಮ ಕೈಯಲ್ಲಿ ಏನಿದೆ?

ಪಟ್ಟಿಯಲ್ಲಿ ನಿಮ್ಮ ಬಗೆ ಅಥವಾ ಬೆಳೆ ಕಾಣದಿದ್ದರೆ ಹತ್ತಿರದ ಇನ್ನೊಂದು ಹೆಸರನ್ನು ಒತ್ತಿ ಕೆಲಸ ಮುಗಿಸಬೇಡಿ. 'ಇತರೆ' ಇದ್ದರೆ ಅದನ್ನೇ ಒತ್ತಿ, ಸರಿಯಾದ ಹೆಸರನ್ನು ಷರಾ ಜಾಗದಲ್ಲಿ ಬರೆಯಿರಿ, ಸಂಬಂಧಪಟ್ಟ ಕಚೇರಿಗೆ ತಿಳಿಸಿ. 'ಇತರೆ' ಎಂದು ಇರುವುದನ್ನು ಮುಂದೆ ತಿದ್ದಬಹುದು. ತಪ್ಪು ಹೆಸರಿನಲ್ಲಿ ಹೋದದ್ದು ನಿಜವಾದವುಗಳ ಜೊತೆ ಬೆರೆತುಹೋಗುತ್ತದೆ, ಬೇರೆ ಮಾಡಲು ಬರುವುದಿಲ್ಲ.

ಬೆಳೆ ಸಮೀಕ್ಷೆಯಲ್ಲಿ ಇದು ಮುಖ್ಯ. ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ, ನಡುವೆ ಬಾಳೆ, ಏಲಕ್ಕಿ. ಒಂದೇ ಆಯ್ಕೆ ಸಾಲುವುದಿಲ್ಲ. ಮಿಶ್ರ ಬೆಳೆಗಳನ್ನು ಒಂದೊಂದಾಗಿ ದಾಖಲಿಸಿದ್ದಾರೆಯೇ ಎಂದು ನೋಡಿಕೊಳ್ಳಿ. 'ಬೆಳೆ ದರ್ಶಕ' ಆ್ಯಪ್‌ನಲ್ಲಿ ನಿಮ್ಮ ಜಮೀನಿನ ಸಮೀಕ್ಷೆಯ ವಿವರ ನೋಡಬಹುದು, ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಬಹುದು.

ದೊಡ್ಡ ಬದಲಾವಣೆ ಆಗಲಿದೆ ಎಂದು ಸಂಘ ಅಥವಾ ಕಚೇರಿ ಹೇಳಿದರೆ, ಮೊದಲೇ ನಿಮ್ಮ ವಿವರದ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ. ಬದಲಾವಣೆಯ ಮರುದಿನ ಮತ್ತೆ ತೆರೆದು, ಮೊತ್ತವನ್ನಷ್ಟೇ ಅಲ್ಲ, ಬಗೆಯ ಹೆಸರನ್ನೂ ನೋಡಿ. ವ್ಯತ್ಯಾಸ ಕಂಡರೆ ತಡ ಮಾಡದೆ ತಿಳಿಸಿ. ಹಳೆಯದೂ ಹೊಸದೂ ಬೆರೆಯುವ ಮೊದಲು ತಿದ್ದುವುದು ಸುಲಭ. ಕಾಗದದ ರಸೀದಿ, ಬಿಲ್ಲುಗಳನ್ನು ಕನಿಷ್ಠ ಆ ವರ್ಷದ ಲೆಕ್ಕ ಮುಗಿಯುವವರೆಗೆ ಇಟ್ಟುಕೊಳ್ಳಿ.

ಮುಂದಿನ ಸಲ 'ಪಟ್ಟಿ ಬದಲಾಯಿತು, ಎಲ್ಲ ಹೋಯಿತು' ಎಂಬ ಸಂದೇಶ ಬಂದರೆ ಮುಂದೆ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿ: ಸೇರಿಸಿದ್ದೋ, ಹೆಸರು ತಿದ್ದಿದ್ದೋ, ತೆಗೆದದ್ದೋ, ಒಡೆದದ್ದೋ? ಮೊದಲ ಎರಡಾದರೆ ಹೆದರುವ ಕಾರಣ ಕಡಿಮೆ. ಕೊನೆಯ ಎರಡಾದರೆ ನಿಮ್ಮ ದಾಖಲೆಯನ್ನು ಒಮ್ಮೆ ತೆರೆದು ನೋಡಿಕೊಳ್ಳಿ.